ಮೊದಲ ಸಾಲು ಫೌಲು

ಪಣಕಹಳ್ಳಿಯ ವಿಶಾಲಾಕ್ಷಮ್ಮನಿಗೆ ಯಾರಾದರೂ 'ಇನ್ನು ನಿನ್ನ ಕೈಲಾಗಲ್ಲ' ಅಂದರೆ ಮೈಯೆಲ್ಲ ಉರಿಯುತ್ತದೆ. ಹೋದ ವರ್ಷ ದಿಂಬಂ ಘಾಟಿಯ ತಿರುವಿನಲ್ಲಿ ಬಸ್ಸು ಗಕ್ಕನೆ ನಿಂತು, ಆಕೆಯ ಬಲಭುಜ ಕಂಬಿಗೆ ಬಡಿದು ಮುರಿದಿತ್ತು. ಮೂಳೆಯೇನೋ ಕೂಡಿತು, ಕೈ ಮಾತ್ರ ಎದೆಮಟ್ಟಕ್ಕೆ ಏಳಲೊಲ್ಲದು. ಆಕೆಗೆ ಕೈ ಬೇಕಿದ್ದದ್ದೇ ಆ ಮಟ್ಟದಲ್ಲಿ. ಅವರ ಮನೆಯಲ್ಲಿ ಇವತ್ತಿಗೂ ರಾಗಿ ಬಿತ್ತುವುದು ಕೂರಿಗೆಯಲ್ಲಿ. ಗಂಡ ಪುಟ್ಟಬಸಪ್ಪ ಎತ್ತು ಹೊಡೆದರೆ, ಈಕೆ ಪಕ್ಕದಲ್ಲೇ ನಡೆಯುತ್ತ ಕೂರಿಗೆಯ ಬಟ್ಟಲಿಗೆ ಬೆರಳ ಸಂದಿಯಿಂದ ಕಾಳು ಬಿಡಬೇಕು. ಕೈ ಇಳಿದರೆ ಸಾಲು ಕೆಟ್ಟಿತು.

ಮಗ ಪ್ರಭುಸ್ವಾಮಿ ಒಳ್ಳೆಯವನೇ, ಆದರೆ ಅವಸರದ ಆಸಾಮಿ. "ಅವ್ವ, ಈ ಸಲ ನಿಂಗೆ ಬಿತ್ತಕ್ಕಾಗ್ನಿಲ್ಲ ಅಂದ್ರೆ ಒಲನ ಟೊಮಾಟೊ ಬೆಳೆಯೋ ರಾಜಶೇಖರ್‌ಗೆ ಗುತ್ಗೆ ಕೊಟ್ಬುಡ್ತೀನಿ" ಎಂದ.

"ನಾನೇನ್ ಸತ್ತೋದ್ನೇನ್ಲಾ?" ಎಂದಳು ವಿಶಾಲಾಕ್ಷಮ್ಮ. ಆದರೆ ಆ ದಿನ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಸೊಸೆ ರಂಜಿತ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ್ದು ಅದೇ ವಾರ. ಯಾವುದೋ ದೂರದೇಶದ ಹುಡುಗಿ, ಈಟಿ ಎಸೆಯುವವಳು. ಭುಜಕ್ಕೆ ಆಪರೇಷನ್ ಆದವಳು ಗೋಡೆಗೆ ರಬ್ಬರ್ ಪಟ್ಟಿ ಕಟ್ಟಿಕೊಂಡು ಎಳೆಯುತ್ತಾಳೆ, ಬಿಡುತ್ತಾಳೆ, ಮತ್ತೆ ಎಳೆಯುತ್ತಾಳೆ. ಕಣ್ಣಲ್ಲಿ ನೀರು, ಕೈ ಮಾತ್ರ ನಿಲ್ಲದು. ಕೊನೆಗೆ ಮೈದಾನಕ್ಕೆ ಬಂದು ಎಸೆದರೆ ಮೊದಲನೆಯದೇ ಫೌಲು, ಲೆಕ್ಕಕ್ಕಿಲ್ಲ ಎಂದು ರಂಜಿತ ತಿಳಿಸಿದಳು. ಆ ಹುಡುಗಿ ತುಟಿ ಕಚ್ಚಿಕೊಂಡು ಎರಡನೇ ಈಟಿ ಎತ್ತಿಕೊಂಡಳು. ಭಾಷೆ ತಿಳಿಯದಿದ್ದರೇನು, ವಿಶಾಲಾಕ್ಷಮ್ಮನಿಗೆ ನೋವು ತಿಳಿಯಿತು.

ಮಾರನೆಯ ಬೆಳಿಗ್ಗೆ ಕೊಟ್ಟಿಗೆಯ ಕಂಬಕ್ಕೆ ಹಳೆಯ ಸೈಕಲ್ ಟ್ಯೂಬು ಬಿತ್ತು. ಹಾಲು ಕರೆದಾದ ಮೇಲೆ ಎಳೆತ, ಉಂಡ ಮೇಲೆ ಎಳೆತ. ಕೈ ಸ್ವಲ್ಪ ಎದ್ದ ಮೇಲೆ ಮುಷ್ಟಿಯಲ್ಲಿ ಮರಳು ಹಿಡಿದು, ಅಂಗಳದಲ್ಲಿ ನಡೆಯುತ್ತ ಚೊಂಬಿಗೆ ಬಿಡುವ ಅಭ್ಯಾಸ. ದಾರಿಯಲ್ಲಿ ಹೋಗುವ ನಂಜಪ್ಪನಿಗೆ ಬಾಯಿ ಸುಮ್ಮನಿರಬೇಕಲ್ಲ! "ಏನಮ್ಮೋ, ಒಲಂಪಿಕ್ಸ್‌ಗೆ ಒಂಟ್ಯಾ?"

"ಊಂ ಕಣಪ್ಪ. ದಿಂಬಂನಲ್ಲಿ ಬಸ್ಸು ಬ್ರೇಕ್ ಆಕ್ದೆ ಇದ್ರೆ ಓಗ್ಬತ್ತೀನಿ."

ಮಳೆ ಹದವಾಗಿ ಬಿತ್ತು. ಕೂರಿಗೆ ಹೊಲಕ್ಕೆ ಇಳಿಯಿತು. ಬದುವಿನ ಮೇಲೆ ಪ್ರಭುಸ್ವಾಮಿ ಕೈಕಟ್ಟಿ ನಿಂತಿದ್ದ. ವಿಶಾಲಾಕ್ಷಮ್ಮನ ಕೈ ಎದೆಮಟ್ಟಕ್ಕೆ ಎದ್ದಿತು, ನಿಂತಿತು. ಎಡವಟ್ಟಾದದ್ದು ಬೆರಳಲ್ಲಿ. ತಿಂಗಳುಗಟ್ಟಲೆ ಒರಟು ಮರಳು ಬಿಟ್ಟು ರೂಢಿಯಾದ ಬೆರಳು ಸಡಿಲವಾಗಿಬಿಟ್ಟಿತ್ತು. ನುಣುಪಾದ ರಾಗಿ ಸುರ್ರನೆ ಸುರಿದುಹೋಯಿತು. ಸಾಲಿನ ಕೊನೆ ಮುಟ್ಟುವ ಮೊದಲೇ ಮಡಿಲು ಬರಿದು.

ಪ್ರಭುಸ್ವಾಮಿ ಮೊಬೈಲ್ ತೆಗೆದ. "ಸಾಕು ಬುಡವ್ವ. ಸುಮ್ನೆ ಬೀಜ ಆಳಾಯ್ತದೆ. ರಾಜಶೇಖರ್‌ಗೆ ಏಳ್ಬುಡ್ತೀನಿ."

ಆಕೆಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಸಿಟ್ಟೇ ಗೆದ್ದಿತು. "ಮಡಗ್ಲಾ ಆ ಫೋನ! ಮೊದಲ್ನೇದು ಫೌಲು ಕಣ್ಲಾ. ಫೌಲಾಯ್ತು ಅಂತ ಆ ಎಣ್ಮಗ ಈಟಿ ಬುಟ್ಟು ಮನೆಗೆ ಓದ್ಳಾ?"

ಮಗನಿಗೆ ತಲೆಬುಡ ತಿಳಿಯಲಿಲ್ಲ. ಪುಟ್ಟಬಸಪ್ಪನಿಗೂ ಯಾವ ಈಟಿ, ಯಾವ ಹೆಣ್ಣುಮಗ ಎಂದು ಗೊತ್ತಿರಲಿಲ್ಲ. ಹೆಂಡತಿಯ ಮುಖ ಗೊತ್ತಿತ್ತು. ಎತ್ತು ತಿರುಗಿಸಿದ. ರಂಜಿತ ಓಡಿಬಂದು ಅತ್ತೆಯ ಮಡಿಲಿಗೆ ಮತ್ತೆ ರಾಗಿ ತುಂಬಿದಳು.

ಎರಡನೇ ಸಾಲಿಗೆ ಬೆರಳು ಬಿಗಿಯಾದವು. ಆಮೇಲಿನ ಸಾಲುಗಳಲ್ಲಿ ಕಾಳು ಹಿಂದಿನ ವರ್ಷಗಳ ಹಾಗೆಯೇ ಹದವಾಗಿ ಇಳಿಯತೊಡಗಿತು. ಭುಜದೊಳಗೆ ಕೆಂಡ ಇಟ್ಟಂತಿತ್ತು. ಆಕೆ ಹಲ್ಲುಕಚ್ಚಿ ನಡೆದಳು. ಕೊನೆಯ ಸಾಲು ಮುಗಿದಾಗ ಮೊಬೈಲ್ ಪ್ರಭುಸ್ವಾಮಿಯ ಜೇಬಿನಲ್ಲೇ ಇತ್ತು. ಅವನು ಬಂದು ತಾಯಿಯ ಮಡಿಲಲ್ಲಿ ಉಳಿದಿದ್ದ ಕಾಳನ್ನು ಇಸಿದುಕೊಂಡ. "ನೋಯ್ತಾ ಅವ್ವ?" ಎಂದ.

"ನೋಯ್ದೆ ಇರ್ತದಾ? ನೋಯ್ಲಿ ಬುಡು."

ಮಾರನೆಯ ಬೆಳಿಗ್ಗೆ ರಂಜಿತ ಕೊಟ್ಟಿಗೆಗೆ ಬಂದರೆ, ಕಂಬದ ಟ್ಯೂಬು ಆಗಲೇ ಕಿರ್ ಎನ್ನುತ್ತಿತ್ತು.

"ಬಿತ್ನೆ ಮುಗೀತಲ್ಲತ್ತೆ, ಇನ್ಯಾಕೆ?"

ವಿಶಾಲಾಕ್ಷಮ್ಮ ಎಳೆತ ನಿಲ್ಲಿಸಲಿಲ್ಲ. "ಬರೋ ವರ್ಷ ನಿಮ್ಮಪ್ಪ ಬಂದು ಬಿತ್ತಾನಾ?"