ಕೇಳಿದ್ದು ಕೋಣೆ, ಹೊದಿಸಿದ್ದು ಶಾಲು

ಹೋದ ತಿಂಗಳು ಕಾಲೇಜಿನವರು ನನ್ನ ಮಗಳಿಗೆ ಸನ್ಮಾನ ಮಾಡಿದರು.

ಅವತ್ತು ಮನೆಗೆ ಬಂದವಳು ಮತ್ತೆ ಕಾಲೇಜಿನ ಕಡೆ ಮುಖ ಹಾಕಿಲ್ಲ.

ನೀಲಾ ಬಿ.ಎ. ಮೊದಲ ಸೆಮಿಸ್ಟರ್. ಅವಳಿಗೆ ಆಟಿಸಂ ಇದೆ. ಓದಿಗೆ ಏನೂ ತೊಂದರೆಯಿಲ್ಲ. ಗದ್ದಲ, ಗುಂಪು, ಹೇಳದೆ ಮೈ ಮುಟ್ಟುವುದು, ಈ ಮೂರು ಆಗುವುದಿಲ್ಲ. ನಮ್ಮ ಕಡೆ ಈ ಮೂರೂ ಇಲ್ಲದ ಜಾಗ ಹುಡುಕುವುದೇ ಒಂದು ಡಿಗ್ರಿ.

ಮೊದಲ ಹದಿನೈದು ದಿನ ಸುರಪುರದಿಂದ ಶಹಾಪುರಕ್ಕೆ ಬಸ್ಸಿನಲ್ಲಿ ನಾನೇ ಜೊತೆಗೆ ಹೋದೆ. ನನ್ನ ಝೆರಾಕ್ಸ್ ಅಂಗಡಿಗೆ ಬೀಗ, ಕಾಲೇಜಿನ ಬೇವಿನ ಮರದ ಕೆಳಗೆ ನನಗೆ ಜಾಗ.

ಇತಿಹಾಸದ ಮೇಡಂ ಒಬ್ಬರು ಹೆಚ್ಚು ಹೇಳಿಸಿಕೊಳ್ಳದೆ ಅರ್ಥ ಮಾಡಿಕೊಂಡರು. ಬಾಗಿಲ ಪಕ್ಕದ ಬೆಂಚು ನಿನ್ನದೇ ಎಂದರು. ಹಾಜರಿ ಕರೆದಾಗ ಕೈ ಎತ್ತಿದರೆ ಸಾಕು, ಕಷ್ಟವಾದರೆ ಕೇಳದೆ ಹೊರಗೆ ಹೋಗಿ ಬಾ ಎಂದರು.

ಮೂರನೇ ವಾರದಿಂದ ನೀಲಾ ಒಬ್ಬಳೇ ಬಸ್ ಹತ್ತಿದಳು. ನಾನು ಅಂಗಡಿ ತೆರೆದೆ.

ಉಳಿದದ್ದು ಪರೀಕ್ಷೆ. ಇನ್ನೂರು ಜನ ಕೂರುವ ಹಾಲ್‌ನಲ್ಲಿ ಅವಳಿಂದ ಬರೆಯಲಾಗುವುದಿಲ್ಲ. ಪ್ರತ್ಯೇಕ ಸಣ್ಣ ಕೋಣೆ ಕೊಡಿ ಎಂದು ಅರ್ಜಿ ಬರೆದು, ಯಾದಗಿರಿ ಆಸ್ಪತ್ರೆಯ ಸರ್ಟಿಫಿಕೇಟ್ ಹಚ್ಚಿ, ಪ್ರಿನ್ಸಿಪಾಲರ ಮುಂದೆ ಇಟ್ಟೆ.

"ಕೊಡೂಣ್ರಿ, ಅದೇನ್ ದೊಡ್ಡ ಮಾತು? ಆದ್ರ ಇಂಥ ಹುಡುಗಿ ನಮ್ಮ ಕಾಲೇಜಿಗೆ ಬಂದಾಳಂದ್ರ ಮೊದಲ ಒಂದು ಸನ್ಮಾನ ಆಗಬೇಕಲ್ಲ!"

ನಮ್ಮ ಜನ ಹಾಗೆ. ಪ್ರೀತಿ ಬಂದರೂ ಶಾಲು, ಗಾಬರಿಯಾದರೂ ಶಾಲು. ಏನು ಮಾಡಬೇಕೆಂದು ತಿಳಿಯದಿದ್ದರೆ ಎರಡು ಶಾಲು.

ಬೇಡ ಎನ್ನಬೇಕಿತ್ತು. ಅಷ್ಟರಲ್ಲಿ ಅವರೇ, "ನಿರೂಪಣಿ ನೀವ ಮಾಡ್ರಿ. ಪ್ರಾಸ ಹೊಡಿಯೂದ್ರಾಗ ನಿಮ್ಮನ್ನ ಮೀರಸೋರು ಯಾರದಾರ್ರಿ?" ಎಂದುಬಿಟ್ಟರು.

ಊರಿನ ಮದುವೆ, ನಿವೃತ್ತಿ, ಉದ್ಘಾಟನೆಗಳಲ್ಲಿ ಮೈಕ್ ಹಿಡಿಯುವವನು ನಾನೇ. ಹಿಗ್ಗಿದೆ. "ಆಗ್ಲಿ ಸರ್" ಅಂದೆ.

ಮನೆಯಲ್ಲಿ ಹೇಳಿದಾಗ ನೀಲಾ ಕೇಳಿದಳು, "ಯಾಕ ಸನ್ಮಾನ? ನಾ ಏನ್ ಗೆದ್ದೀನಿ?"

"ಐದ ನಿಮಿಷ ಅಷ್ಟ, ಬಾ ಅವ್ವಾ" ಎಂದೆ. ಅವಳು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಆದರೂ ಬಂದಳು... ನಾನು ಹೇಳಿದೆನೆಂದು.

ಐದು ನಿಮಿಷ ಒಂದೂವರೆ ತಾಸಾಯಿತು. ಮುಖ್ಯ ಅತಿಥಿ ಬರುವುದು ತಡವಾಯಿತು, ಬಂದಾಗ ಸ್ವಾಗತಕ್ಕೆಂದು ಬಾಗಿಲಲ್ಲೇ ಹಲಗೆ ವಾದ್ಯ ಬಾರಿಸಿದರು. ವೇದಿಕೆಯ ಎರಡೂ ಬದಿಗೆ ಆಳೆತ್ತರದ ಸ್ಪೀಕರ್. ನೀಲಾಳ ಕುರ್ಚಿ ಒಂದು ಸ್ಪೀಕರಿನ ಪಕ್ಕದಲ್ಲೇ.

ಒಬ್ಬರು ಶಾಲು ಹೊದಿಸುತ್ತಾರೆ. ಇನ್ನೊಬ್ಬರು ತಲೆಗೆ ಪೇಟಾ ಒತ್ತುತ್ತಾರೆ. ಮೂರನೆಯವರು ಹಾರ ಹಾಕಿ, ಫೋಟೊಕ್ಕೆಂದು ಹೆಗಲು ಹಿಡಿದು ಈ ಕಡೆ ತಿರುಗಿಸುತ್ತಾರೆ.

ನೀಲಾ ಕಣ್ಣು ಮುಚ್ಚಿದ್ದಾಳೆ. ಎರಡೂ ಕೈ ಕಿವಿಯ ಮೇಲೆ.

ನನಗೆ ಕಾಣುತ್ತಿದೆ. ಮೂರು ಮಾರು ದೂರದಲ್ಲಿ ನಿಂತಿದ್ದೇನೆ. ಆದರೆ ಕೈಯಲ್ಲಿ ಚೀಟಿ ಇದೆ, ಚೀಟಿಯಲ್ಲಿ ಇನ್ನೂ ಸಾಲು ಉಳಿದಿವೆ...

"ಮೌನವೇ ಈ ಬಾಲೆಯ ಮಾಲೆ, ಜ್ಞಾನವೇ ಇವಳ ಕಿವಿಯ ಓಲೆ, ಬರಲಿ ಒಂದು ಜೋರಾದ ಚಪ್ಪಾಳೆ!"

ಬಂತು. ನಾನೇ ಕೇಳಿ ಹಾಕಿಸಿದ ಚಪ್ಪಾಳೆ.

ನೀಲಾ ಪೇಟಾ ಕಿತ್ತೆಸೆದಳು, ಹಾರ ಹರಿದಳು, ಅತಿಥಿಗಳ ಮೇಜಿನ ಕೆಳಗೆ ನುಸುಳಿ ಬಟ್ಟೆಯ ಮರೆಯಲ್ಲಿ ಕೂತಳು. ಸಭೆ ನಕ್ಕಿತು. ಹಿಂದಿನ ಸಾಲುಗಳಲ್ಲಿ ಮೊಬೈಲುಗಳು ಎದ್ದವು.

ಇತಿಹಾಸದ ಮೇಡಂ ಓಡಿ ಬಂದು ಮೊದಲು ಮೈಕಿನ ವೈರ್ ಕಿತ್ತರು. ಆಮೇಲೆ ಮೇಜಿನ ಹತ್ತಿರ ನೆಲದ ಮೇಲೆ ಸುಮ್ಮನೆ ಕೂತರು. ಮುಟ್ಟಲಿಲ್ಲ, ಕರೆಯಲಿಲ್ಲ. ಜನರೆಲ್ಲ ಹೋದ ಮೇಲೆ ಅವಳಾಗಿಯೇ ಹೊರಗೆ ಬಂದಳು.

ಮರುದಿನ ಪ್ರಿನ್ಸಿಪಾಲರ ಬಳಿ ಹೋದೆ.

"ಗೌರವ ಮಾಡಿದ್ರ ಹಿಂಗ ಮಾಡೂದೇನ್ರಿ? ದೊಡ್ಡವರ ಮುಂದ ನಮ್ಮ ಮಾನ ಹೋತು."

"ಸರ್, ಆ ಕೋಣಿದು ಅರ್ಜಿ..."

"ನಾಕ ಮಂದ್ಯಾಗ ಕುಂದ್ರಾಕ ಬರಂಗಿಲ್ಲ, ಮೂರ ತಾಸು ಪರೀಕ್ಷಾ ಏನ್ ಬರೀತಾಳ್ರಿ?"

"ಅದಕ್ಕ ಸರ್, ಬ್ಯಾರೆ ಕೋಣಿ ಕೇಳಿದ್ದು."

ಅವರು ನನ್ನ ಮುಖ ನೋಡಿದರು. "ಯುನಿವರ್ಸಿಟಿಗೆ ಬರೀಬೇಕಾಗ್ತದ, ನೋಡೂಣು" ಎಂದು ಅರ್ಜಿಯನ್ನು ಪೇಪರ್‌ವೇಟಿನ ಕೆಳಗೆ ಸರಿಸಿದರು. ಆಮೇಲೆ ಮೂರು ಸಲ ಹೋಗಿ ಬಂದೆ. ಅರ್ಜಿ ಅಲ್ಲೇ ಕ್ಷೇಮವಾಗಿದೆ.

ಅಂಗಡಿಗೆ ಆಧಾರ್ ಝೆರಾಕ್ಸ್ ಮಾಡಿಸಲು ಬಂದವನೊಬ್ಬ ಮೊಬೈಲ್ ತೋರಿಸಿದ. "ಅಣ್ಣಾರ, ವಿಡಿಯೊ ನೋಡೀನ್ರಿ. ಹುಡುಗಿ ಹಂಗ ಮಾಡಬಾರದಾಗಿತ್ತು, ಆದ್ರ ನಿಮ್ಮ ಪ್ರಾಸ ಮಾತ್ರ ಏಕ್‌ದಮ್ ಭಾರಿ!"

ಎರಡೂ ಬದಿ ಝೆರಾಕ್ಸ್ ಮಾಡಿ ಕೊಟ್ಟು ಕಳಿಸಿದೆ.

ಹೆಂಡತಿ ಹೆಚ್ಚು ಬೈಯಲಿಲ್ಲ. ರೊಟ್ಟಿ ಬಡಿಯುತ್ತಾ ಒಂದೇ ಮಾತು ಹೇಳಿದಳು: "ಕೂಸಿಗೆ ಸಪ್ಪಳಿಲ್ಲದ ಕೋಣಿ ಬೇಕಾಗಿತ್ತು. ನೀವು ಹೋಗಿ ಮೈಕ್ ಹಿಡದ್ರಿ."

ಸೋಮವಾರ ಪರೀಕ್ಷೆ. ಹಾಲ್ ಟಿಕೆಟ್ ಬಂದಿದೆ, ಕೋಣೆ ಬಂದಿಲ್ಲ. ಮೇಡಂ ಫೋನ್ ಮಾಡಿದ್ದರು. ಬಸ್‌ಸ್ಟ್ಯಾಂಡಿಗೆ ತಾವೇ ಬಂದು ಕರೆದೊಯ್ಯುತ್ತಾರಂತೆ. ಬಾಗಿಲ ಬಳಿಯಾದರೂ ಕೂರಿಸಲು ಕೇಳಿ ನೋಡುತ್ತಾರಂತೆ.

ನಿನ್ನೆ ಸಂಜೆ ನೀಲಾಳನ್ನು ಕೇಳಿದೆ, "ಪರೀಕ್ಷಾಕ್ಕ ಹೋಗ್ತಿಯೇನವ್ವಾ?"

ಪುಸ್ತಕದಿಂದ ತಲೆ ಎತ್ತದೆ ಹೇಳಿದಳು.

"ಮೇಡಂ ಇದ್ರ ಹೋಗ್ತೀನಿ. ನೀ ಬರಬ್ಯಾಡಪ್ಪಾ."

ಇನ್ನು ಮೂರು ದಿನ ಉಳಿದಿದೆ... ಇಂಥ ಮಕ್ಕಳಿಗೆ ಪರೀಕ್ಷೆಗೆ ಪ್ರತ್ಯೇಕ ಕೋಣೆ ಕೊಡಿಸಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?