ಕಾಸ್ ಎಕ್ಸ್ ಹೊಡೆದುಹಾಕಿದರೆ ಹೋಗುವುದೇನು

ಸಮೀಕರಣದ ಎರಡೂ ಕಡೆ ಇರುವ ಒಂದು cos x ಹೊಡೆದುಹಾಕಿದರೆ ಎರಡು ಉತ್ತರ ಹೋಗುತ್ತವೆ, ಅವುಗಳ ಜೊತೆ ಎರಡು ಅಂಕ. ಬೋರ್ಡಿನ ಮುಂದೆ ನಿಂತಿರುವ ಈ ಹುಡುಗಿ ಕಳೆದ ಸಲ ಫೇಲಾಗಿದ್ದು ಅದೇ ಎರಡು ಅಂಕಕ್ಕೆ. ಅಲ್ಲಿಗೆ ಒಂದು ವರ್ಷವೂ ಹೋಯಿತು.

ಇನ್ನೂ ಬೆಳಕು ಹರಿದಿಲ್ಲ. ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಆಗಲೇ ಪಾಠ ಶುರುವಾಗಿದೆ. ರಬ್ಬರ್ ವಾಸನೆ ಮೆಟ್ಟಿಲು ಹತ್ತಿ ಬಂದು ಬೆಂಚುಗಳ ನಡುವೆ ಕೂತಿದೆ. ಈ ಪಾಠದ ಬಗ್ಗೆ ಬರೆಯಲು ಬಂದ ನಾನು ಬಾಗಿಲ ಬಳಿ ಕೂತಿದ್ದೇನೆ. ಪಾಠ ಹೇಳುವವರನ್ನು ಮಕ್ಕಳು ಬೆನ್ನ ಹಿಂದೆ ‘ಕ್ಯಾನ್ಸಲ್ ಮಿಸ್’ ಎನ್ನುತ್ತಾರೆ. ‘ಕ್ಯಾನ್ಸಲ್ ಮಾಡಬೇಡಿ’ ಎಂದು ಹೇಳಿ ಹೇಳಿ ಗಂಟಲು ಕೆಡಿಸಿಕೊಂಡವರು. ಹಗಲು ಕಾಲೇಜೊಂದರಲ್ಲಿ ಹಂಗಾಮಿ ಉಪನ್ಯಾಸಕಿ. ಸೇರಿದಾಗ ಕಪ್ಪಗಿದ್ದ ಕೂದಲು ಬೆಳ್ಳಗಾಗಿದೆ. ಕೆಲಸದಲ್ಲಿ ಕಾಯಂ ಆಗಿರುವುದು ‘ಹಂಗಾಮಿ’ ಎಂಬುದೊಂದೇ.

ಈ ಬೆಳಗಿನ ಪಾಠ ಗಣಿತದಲ್ಲಿ ಫೇಲಾದವರಿಗೆ ಮಾತ್ರ. “ಓದೋ ಮಕ್ಕಳಿಗೆ ಯಾರು ಬೇಕಾದ್ರೂ ಹೇಳಿಕೊಡ್ತಾರೆ. ಇವ್ರಿಗೆ ಹೇಳಿಕೊಡೋಕೆ ಗಣಿತ ಸಾಲಲ್ಲ, ಬಿ.ಪಿ. ಮಾತ್ರೇನೂ ಬೇಕು” ಎನ್ನುತ್ತಾರೆ.

ಬೋರ್ಡಿನ ಮುಂದಿರುವ ಹುಡುಗಿ ಅವರ ತಂಗಿಯ ಮಗಳು. ನಾಡಿದ್ದು ಮರುಪರೀಕ್ಷೆ. ಪಾಸಾದರೆ ಸರ್ವೆ ಡಿಪ್ಲೊಮಾದ ಸೀಟು, ಇಲ್ಲದಿದ್ದರೆ ಅದು ಬೇರೆಯವರ ಪಾಲು. ಬೋರ್ಡಿನ ಮೇಲೆ 2 sin x cos x = cos x ಎಂದಿದೆ. ಒಂದು ಪೂರ್ತಿ ಸುತ್ತಿನೊಳಗಿನ, ಅಂದರೆ ಸೊನ್ನೆಯಿಂದ ಮುನ್ನೂರ ಅರವತ್ತು ಡಿಗ್ರಿಯೊಳಗಿನ, ಉತ್ತರಗಳೆಲ್ಲ ಬೇಕು. ಹುಡುಗಿ ಎರಡೂ ಕಡೆಯ cos x ಮೇಲೆ ಸರ್ರನೆ ಗೆರೆ ಎಳೆದು, ಮೂವತ್ತು, ನೂರೈವತ್ತು ಎಂದು ಬರೆದು ಕೈ ಒರೆಸಿಕೊಳ್ಳುತ್ತಾಳೆ.

ಮಿಸ್ ಗೋಡೆಗೆ ಹಣೆ ಆನಿಸುತ್ತಾರೆ.

“ಯಾಕಮ್ಮಾ ಹೊಡೆದೆ?”

“ಎರಡೂ ಕಡೆ ಇತ್ತಲ್ಲ ದೊಡ್ಡಮ್ಮ.”

“ಕಿವೀನೂ ಎರಡೂ ಕಡೆ ಇದೆ ನಿಂಗೆ. ಏನು ಪ್ರಯೋಜನ? ತೊಂಬತ್ತು ಹಾಕಿ ನೋಡು.”

ತೊಂಬತ್ತರ ಕಾಸ್ ಸೊನ್ನೆ. ಎಡಕ್ಕೂ ಸೊನ್ನೆ, ಬಲಕ್ಕೂ ಸೊನ್ನೆ.

“ಸರಿಹೋಯ್ತು” ಎನ್ನುತ್ತಾಳೆ ಹುಡುಗಿ, ಸಣ್ಣ ದನಿಯಲ್ಲಿ.

“ಸರಿಹೋಗೋ ಉತ್ತರ ನೀನು ಬರೆದಿದ್ರಲ್ಲಿ ಎಲ್ಲಿದೆ? ಇನ್ನೂರ ಎಪ್ಪತ್ತೆಲ್ಲಿ? ಸೊನ್ನೆ ಆಗಬಹುದಾದ್ದನ್ನ ಹೊಡೀಬಾರದು ಕಣೇ. ಎಲ್ಲಾ ಒಂದೇ ಕಡೆ ತಂದು, cos x ಹೊರಗೆ ತೆಗೆದು, ಒಂದೊಂದನ್ನೇ ಸೊನ್ನೆಗೆ ಸಮ ಮಾಡು.”

“ಮನೇಲಿ ಮಾಡಿದ್ರೆ ಸರಿಯಾಗೇ ಬರುತ್ತೆ ದೊಡ್ಡಮ್ಮ.”

“ಹಾಗಾದ್ರೆ ಪರೀಕ್ಷೆ ಮನೇಲೇ ಇಡಿಸ್ಲಾ?”

ಹಿಂದಿನ ಬೆಂಚು ಕಿಸಕ್ಕನೆ ನಗುತ್ತದೆ. ಅವರ ಪುಸ್ತಕಗಳಲ್ಲೂ ಅದೇ ಗೆರೆ.

ಮಿಸ್ ಕೊನೆಗೆ ತಂಗಿಯ ಮಗಳ ಕೈಗೆ ಸೀಮೆಸುಣ್ಣ ಮತ್ತೆ ಕೊಡುತ್ತಾರೆ. “ನಿನ್ನ ಕೈ ಸುಮ್ನಿರಲ್ಲ, ಅಲ್ವಾ? ಹೊಡೀಬೇಕು ಅನ್ನಿಸಿದಾಗ ಗೆರೆ ಬೇಡ, ಅದರ ಸುತ್ತ ಒಂದು ಸುತ್ತು ಹಾಕು. ಕೈಗೂ ಕೆಲಸ ಸಿಗುತ್ತೆ, cos x ಕೂಡ ಉಳಿಯುತ್ತೆ.”

ಫಲಿತಾಂಶ ಬಂದ ವಾರ ನಾನು ಮತ್ತೆ ಹೋದಾಗ ಬೆಂಚುಗಳಲ್ಲಿ ಹೊಸ ಮುಖಗಳು, ಬೋರ್ಡಿನ ಮೇಲೆ ಹಳೇ ಗೆರೆ. ಹುಡುಗಿ ಪರೀಕ್ಷೆಯಲ್ಲಿ ಸುತ್ತು ಹಾಕಿ ನಾಲ್ಕೂ ಉತ್ತರ ಬರೆದಳಂತೆ. ಪಾಸಾಗಿದ್ದು ಒಂದೇ ಅಂಕದಿಂದ. ನಿಮಗೇನು ಆಸೆ ಎಂದು ಮಿಸ್‌ ಅವರನ್ನು ಕೇಳುತ್ತೇನೆ.

“ಮೊದಲನೇ ದಿನ ಯಾರೂ ಹೊಡೀದೇ ಇರೋ ಒಂದು ಬ್ಯಾಚು. ಒಂದೇ ಒಂದು” ಎನ್ನುತ್ತಾರೆ. ಹತ್ತಿರ ಬಾಗಿದರಷ್ಟೇ ಕೇಳಿಸುತ್ತದೆ.

ಹುಡುಗಿಗೆ ಸೀಟು ಸಿಕ್ಕಿದೆ. ಮಿಸ್ ಅವರ ದನಿ ಹೋಗಿದೆ.