ಸ್ತಮಾತಿಯಜ್ಜಿಯ ಉಗುಳು

ನಮ್ಮ ಗ್ರೀಸಿನ ದ್ವೀಪಗಳಲ್ಲಿ ಯಾರನ್ನಾದರೂ ಹೊಗಳಿದರೆ, ದೃಷ್ಟಿಯಾಗದಿರಲೆಂದು ಕೂಡಲೇ ಮೂರು ಸಲ ಉಗಿಯಬೇಕು. ಉಳಿದವರು ಬಾಯಲ್ಲಿ ‘ಫ್ತು ಫ್ತು’ ಅಂದು ಮುಗಿಸುತ್ತಾರೆ. ಮೀನಿನ ಬಲೆ ಹೆಣೆಯುವ ಸ್ತಮಾತಿಯಜ್ಜಿಗೆ ಮಾತ್ರ ಆ ಕಾಟಾಚಾರ ಆಗದು. ಅವಳು ಉಗಿದರೆ ಮುಖ ಒರೆಸಿಕೊಳ್ಳಲೇಬೇಕು.

ಎವಾಂಥಿಯಾಳ ಮದುವೆಯ ದಿನ ಅಜ್ಜಿಗೆ ಕೆಟ್ಟ ನೆಗಡಿ. ಆದರೂ ಮದುಮಗಳ ಚೆಲುವು, ಪಾದ್ರಿಯ ಕಂಠ, ಪಿಟೀಲಿನವನ ಕೈಚಳಕ ಎಲ್ಲವನ್ನೂ ಹೊಗಳಿ ಹೊಗಳಿ ಮನಸಾರೆ ಉಗಿದಳು. ವಾರ ತುಂಬುವ ಮೊದಲೇ ಮೂವರೂ ಜ್ವರ ಬಂದು ಮಲಗಿದರು.

ನರ್ಸ್ ಕಲಿರೋಯಿ ಬಂದು ರೇಗಿದಳು. “ಅಜ್ಜೀ, ನಿನ್ನ ಎಂಜಲಲ್ಲಿ ಕಣ್ಣಿಗೆ ಕಾಣದ ರೋಗಾಣು ಇರ್ತವೆ. ಇನ್ನೊಬ್ಬರ ಮೂಗಿಗೆ ಹೊಕ್ಕು, ಗಂಟಲಲ್ಲಿ ಒಂದಕ್ಕೆ ಸಾವಿರ ಆಗ್ತವೆ. ಮೈ ಅವುಗಳ ಜೊತೆ ಹೊಡೆದಾಡೋದಕ್ಕೇ ಜ್ವರ ಬರೋದು.”

“ಕಣ್ಣಿಗೆ ಕಾಣಲ್ಲ, ಗಟ್ಟಿಮುಟ್ಟಾದವರನ್ನೂ ಮಲಗಿಸತ್ತೆ. ಅದನ್ನೇ ಕಣೇ ನಾವು ದೃಷ್ಟಿ ಅನ್ನೋದು!” ಎಂದಳು ಅಜ್ಜಿ. ಆದರೂ ಮಾತು ನಾಟಿತ್ತು, ಉಗಿಯುವುದನ್ನು ಬಿಟ್ಟೇಬಿಟ್ಟಳು.

ಮರುವರ್ಷ ಕಲಿರೋಯಿಗೇ ಗಂಡುಮಗುವಾಯಿತು. ಅಜ್ಜಿ ಬಾಗಿಲಲ್ಲೇ ನಿಂತು, “ಅಯ್ಯೋ, ಬೆಣ್ಣೆಮುದ್ದೆ ಇದ್ದಂಗಿದಾನಲ್ಲೇ!” ಎಂದು ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. ನರ್ಸಮ್ಮ ಕಾದಳು. ಉಗುಳು ಬರಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು.

“ಹೊಗಳಿ ಹಾಗೇ ಬಿಟ್ಬಿಡ್ತೀಯೇನಜ್ಜೀ? ಉಗಿ, ಬೇಗ ಉಗಿ! ಆ ಕಡೆ ತಿರುಗಿ ಉಗಿ!”